40 ಲೇಖನ ಹಾಕಿಸಿದರೂ ಒಂದು ಆರ್ಡರ್ ಬರಲಿಲ್ಲ, ಯಾಕೆ?

ಪ್ರಶ್ನೆ: ಬ್ರಹ್ಮಾವರದ ಹತ್ತಿರ ನಮ್ಮದೊಂದು ಮರದ ಗಾಣ ಇದೆ. ನಾನು ಮತ್ತು ನಮ್ಮ ಯಜಮಾನರು ಸೇರಿ ನಡೆಸುತ್ತೇವೆ. ತೆಂಗಿನೆಣ್ಣೆಯೇ ಮುಖ್ಯ, ಸ್ವಲ್ಪ ಎಳ್ಳೆಣ್ಣೆಯೂ ಉಂಟು. ಊರಿನ ಗಿರಾಕಿಗಳಿಗೆ ಕೊರತೆ ಇಲ್ಲ. ಬೆಂಗಳೂರು, ಮುಂಬೈಗೂ ಕಳಿಸೋಣ ಅಂತ ವೆಬ್‌ಸೈಟ್ ಮಾಡಿಸಿದೆವು. ಲೇಖನ ಹಾಕಿದರೆ ಗೂಗಲ್‌ನಲ್ಲಿ ಮೇಲೆ ಬರುತ್ತದೆ ಎಂದು ಒಬ್ಬರು 20 ಸಾವಿರ ರೂಪಾಯಿಗೆ 40 ಲೇಖನ ಬರೆಸಿದರು. ನಮ್ಮ ಸೈಟಿಗೂ ಬೇರೆ ಬೇರೆ ಸೈಟುಗಳಿಗೂ ಹಾಕಿದರು. ಎಂಟು ತಿಂಗಳಾಯಿತು, ಅದನ್ನು ಓದಿ ಬಂದ ಆರ್ಡರ್ ಒಂದೂ ಇಲ್ಲ. ಈಗ ಇನ್ನೂ 40 ಹಾಕಿಸಿ ಅನ್ನುತ್ತಿದ್ದಾರೆ. ನಮಗೆ ಇಂಥದ್ದಕ್ಕೆ ಕೂರಲು ಸಮಯವೂ ಇಲ್ಲ. ಡಿಸೆಂಬರಿನಲ್ಲಿ ಬೆಂಗಳೂರಿನ ಗಿರಾಕಿಯೊಬ್ಬರು ಎಣ್ಣೆ ಗಟ್ಟಿಯಾಗಿದೆ, ಕಲಬೆರಕೆ ಎಂದು ಜಗಳಕ್ಕೇ ಬಂದರು. ಅವರಿಗೆ ಫೋನಿನಲ್ಲಿ ಅರ್ಧ ಗಂಟೆ ವಿವರಿಸಬೇಕಾಯಿತು. ಇಂಥ ಕೆಲಸವೇ ದಿನಾ ಇರುತ್ತದೆ. ಇನ್ನೂ 40 ಹಾಕಿಸಬೇಕಾ? ಅಥವಾ ನಾವೇ ಬರೆಯುವುದಾ? ಕನ್ನಡದಲ್ಲೋ, ಇಂಗ್ಲಿಷಿನಲ್ಲೋ?

ಉತ್ತರ: ಹಾಕಿಸಬೇಡಿ. ನೀವೇ ಬರೆಯಿರಿ, ಕನ್ನಡದಲ್ಲೇ ಶುರು ಮಾಡಿ. ಬರೆಯಬೇಕಾದ ಮೊದಲ ಲೇಖನವನ್ನು ನೀವು ಡಿಸೆಂಬರಿನಲ್ಲೇ ಫೋನಿನಲ್ಲಿ ಹೇಳಿ ಮುಗಿಸಿದ್ದೀರಿ. ಅದನ್ನು ಕಾಗದಕ್ಕೆ ಇಳಿಸುವುದಷ್ಟೇ ಬಾಕಿ.

ನೀವು ಕಳಿಸಿದ ಲಿಂಕುಗಳಲ್ಲಿ ಹನ್ನೆರಡನ್ನು ಕೂತು ಓದಿದೆ. ಮೊದಲನೆಯದು ಹೀಗೆ ಶುರುವಾಗುತ್ತದೆ: "ಭಾರತೀಯ ಸಂಸ್ಕೃತಿಯಲ್ಲಿ ತೆಂಗಿಗೆ ವಿಶಿಷ್ಟ ಸ್ಥಾನವಿದೆ. ಪ್ರಾಚೀನ ಕಾಲದಿಂದಲೂ ತೆಂಗಿನೆಣ್ಣೆಯನ್ನು ಬಳಸಲಾಗುತ್ತಿದೆ." ಕೊನೆಯ ತನಕ ಇದೇ ಧಾಟಿ. ಬ್ರಹ್ಮಾವರ ಇಲ್ಲ, ಗಾಣ ಇಲ್ಲ, ಕೊಬ್ಬರಿ ಒಣಗಿಸುವ ನಿಮ್ಮ ಅಂಗಳ ಇಲ್ಲ. ನಿಮ್ಮ ಹೆಸರು ತೆಗೆದು ಇನ್ನೊಬ್ಬರ ಹೆಸರು ಹಾಕಿದರೆ ಒಂದು ಅಕ್ಷರವೂ ಬದಲಾಗಬೇಕಿಲ್ಲ. ಉಳಿದವೂ ಹೆಚ್ಚುಕಡಿಮೆ ಹೀಗೇ. ತೆಂಗಿಗೆ ನಮ್ಮಲ್ಲಿ ಯಾವ ಸ್ಥಾನ ಇದೆ ಎಂದು ಎಣ್ಣೆ ಬೇಕಾದವರು ಯಾರೂ ಕೇಳಿಕೊಂಡು ಬರುವುದಿಲ್ಲ, ಅಲ್ವಾ?

ಈ "ಲೆಕ್ಕ ಜಾಸ್ತಿ ಆದಷ್ಟೂ ಒಳ್ಳೆಯದು" ಅನ್ನುವ ಮಾತು ಎಲ್ಲಿಂದ ಬಂತು ಎಂದು ಹೇಳಿಬಿಡುತ್ತೇನೆ. ಗೊತ್ತಿದ್ದರೆ ಮತ್ತೆ ಯಾರಾದರೂ ಬಂದು ಹೇಳಿದಾಗ ನೀವು ಗಟ್ಟಿಯಾಗಿ ಬೇಡ ಅನ್ನಬಹುದು. 2010ರ ಹೊತ್ತಿಗೆ ಎಝೈನ್ ಆರ್ಟಿಕಲ್ಸ್‌ನಂಥ ದೊಡ್ಡ ಲೇಖನ ಸಂಗ್ರಹಗಳಿದ್ದವು. ಯಾರು ಬೇಕಾದರೂ ಬರೆದು ಹಾಕಬಹುದಿತ್ತು. ಲೇಖನದ ಕೆಳಗೆ ಬರೆದವರ ಪರಿಚಯ, ಅವರ ಸೈಟಿನ ಲಿಂಕ್ ಇರುತ್ತಿತ್ತು. ಒಂದು ಸೈಟಿಗೆ ಹೊರಗಿನಿಂದ ಬರುವ ಲಿಂಕನ್ನು ಗೂಗಲ್ ಒಂದು ರೀತಿಯ ಶಿಫಾರಸು ಎಂದು ಎಣಿಸುತ್ತದೆ. ಹಾಗಾಗಿ ಜನ ಲಿಂಕಿಗೋಸ್ಕರವೇ ಬರೆಯಲು ಹೊರಟರು. ಒಂದೇ ಲೇಖನದ ಪದಗಳನ್ನು ಸಾಫ್ಟ್‌ವೇರಿನಲ್ಲಿ ಅದಲುಬದಲು ಮಾಡಿ ನೂರು ಕಡೆ ಹಾಕುವುದೂ ನಡೆಯಿತು. ಸ್ವಲ್ಪ ಕಾಲ ಅದರಿಂದ ಲಾಭವೂ ಆಯಿತು. 2011ರ ಫೆಬ್ರವರಿಯಲ್ಲಿ ಗೂಗಲ್ ತನ್ನ ಹುಡುಕಾಟದಲ್ಲಿ ಪಾಂಡಾ ಎಂಬ ಬದಲಾವಣೆ ತಂದಿತು. ಟೊಳ್ಳು ಲೇಖನಗಳ ಸೈಟುಗಳು ಕೆಳಗೆ ಬಿದ್ದವು. 2012ರ ಏಪ್ರಿಲ್‌ನಲ್ಲಿ ಪೆಂಗ್ವಿನ್ ಎಂಬ ಇನ್ನೊಂದು ಬದಲಾವಣೆ ಬಂದು ಇಂಥ ಲಿಂಕುಗಳ ಬೆಲೆಯನ್ನೂ ತೆಗೆಯಿತು. 2024ರ ಮಾರ್ಚ್‌ನಲ್ಲಿ ನಿಯಮ ಇನ್ನೂ ಬಿಗಿಯಾಯಿತು. ಹುಡುಕಾಟದಲ್ಲಿ ಮೇಲೆ ಬರಲೆಂದೇ ರಾಶಿ ರಾಶಿ ಪುಟ ಹಾಕಿದರೆ ಗೂಗಲ್ ಲೆಕ್ಕದಲ್ಲಿ ಅದು ಸ್ಪ್ಯಾಮ್, ಅಂದರೆ ಕಸ. ಮನುಷ್ಯ ಬರೆದದ್ದಾದರೂ ಅಷ್ಟೇ, ಎಐ ಬರೆದದ್ದಾದರೂ ಅಷ್ಟೇ. ನಿಮಗೆ ಕಳೆದ ವರ್ಷ ಮಾರಿದ್ದು 2010ರ ಸರಕು.

ಈ ತಪ್ಪನ್ನು ನಾನೂ ಮಾಡಿದ್ದೇನೆ. ಈ ಕೆಲಸಕ್ಕೆ ಬಂದ ಹೊಸತರಲ್ಲಿ ಮಲ್ಪೆ ಕಡೆಯ ಒಂದು ಹೋಂಸ್ಟೇಗೆ ಬರೆಯುತ್ತಿದ್ದೆ. ಸೇಂಟ್ ಮೇರೀಸ್ ದ್ವೀಪದ ಕಲ್ಲಿನ ಕಂಬಗಳ ಬಗ್ಗೆ, ಸೂರ್ಯಾಸ್ತದ ಬಗ್ಗೆ ಲೇಖನದ ಮೇಲೆ ಲೇಖನ ಬರೆದೆ. ಅದನ್ನೆಲ್ಲ ಆಗಲೇ ನೂರಾರು ಜನ ಬರೆದಿದ್ದರು. ಒಂದು ರೂಮೂ ಬುಕ್ ಆಗಲಿಲ್ಲ. ಒಂದು ದಿನ ಅವರ ಜಗಲಿಯಲ್ಲಿ ಕೂತಿದ್ದಾಗ ಫೋನ್ ಬಂತು. "ಜೂನ್‌ನಲ್ಲಿ ಬರುತ್ತೇವೆ, ದ್ವೀಪಕ್ಕೆ ಬೋಟ್ ಇರುತ್ತದಾ?" ಮನೆಯ ಅಮ್ಮ ಹೇಳಿದರು: "ಇಲ್ಲ ಮಾರಾಯ್ರೆ, ಮಳೆಗಾಲದಲ್ಲಿ ಬೋಟ್ ನಿಲ್ಲಿಸುತ್ತಾರೆ. ಕಡಲು ತಣ್ಣಗಾದ ಮೇಲೆ ಬನ್ನಿ. ಜೂನ್‌ನಲ್ಲೇ ಬರುವುದಾದರೆ ಮಳೆ ನೋಡಲಿಕ್ಕೆ ಬನ್ನಿ." ಫೋನ್ ಇಟ್ಟು ನನ್ನ ಕಡೆ ತಿರುಗಿ, ದಿನಕ್ಕೆ ಮೂರು ಜನ ಇದನ್ನೇ ಕೇಳುತ್ತಾರೆ ಅಂದರು. ಅಷ್ಟು ದಿನ ಬರೆದದ್ದರಲ್ಲಿ ಈ ಒಂದು ಮಾತು ನನ್ನ ಯಾವ ಲೇಖನದಲ್ಲೂ ಇರಲಿಲ್ಲ. ಅವರು ಹೇಳಿದ್ದನ್ನು ಹಾಗೇ ಬರೆದು ಹಾಕಿದೆವು. ಅದನ್ನು ಓದಿದವರೇ ಮೊದಲು ಫೋನ್ ಮಾಡಿದ್ದು. ಆವತ್ತಿನಿಂದ ನಾನು ಕೆಲಸ ಶುರು ಮಾಡುವುದು ಗಲ್ಲಾಪೆಟ್ಟಿಗೆಯ ಪಕ್ಕ ಕೂತು ಕೇಳಿಸಿಕೊಳ್ಳುವುದರಿಂದ.

ನೀವು ಮಾಡಬೇಕಾದ್ದೂ ಅದೇ. ಒಂದು 20 ರೂಪಾಯಿಯ ನೋಟ್‌ಬುಕ್ ತಂದು ತಕ್ಕಡಿ ಪಕ್ಕದಲ್ಲಿಡಿ. ಒಂದು ತಿಂಗಳು ಗಿರಾಕಿ ಕೇಳಿದ್ದನ್ನು ಕೇಳಿದ ಮಾತಿನಲ್ಲೇ ಬರೆಯಿರಿ. ತಿದ್ದಬೇಡಿ. "ಇದು ಯಾಕೆ ಇಷ್ಟು ರೇಟು?" "ಪರಿಮಳ ಯಾಕೆ ಸಲ ಸಲಕ್ಕೆ ಬೇರೆ?" "ಮಗುವಿನ ಮೈಗೆ ಹಚ್ಚಬಹುದಾ?" "ತಳದಲ್ಲಿ ಏನೋ ಕೂತಿದೆ, ಏನದು?" ಒಂದೇ ಪ್ರಶ್ನೆ ಮತ್ತೆ ಬಂದರೆ ಪಕ್ಕದಲ್ಲಿ ಒಂದು ಗೀಟು ಹಾಕಿ. ತಿಂಗಳ ಕೊನೆಗೆ ಯಾವುದಕ್ಕೆ ಗೀಟು ಜಾಸ್ತಿಯೋ ಅದೇ ನಿಮ್ಮ ಲೇಖನ, ಗಿರಾಕಿಯ ಮಾತೇ ಅದರ ತಲೆಬರಹ. ಅಂಗಡಿಗೆ ಬಂದು ಕೇಳುವವರು ಒಬ್ಬರಾದರೆ, ಅದನ್ನೇ ಫೋನಿನಲ್ಲಿ ಗೂಗಲ್‌ಗೆ ಕೇಳುವವರು ಎಷ್ಟೋ ಜನ.

ಗಟ್ಟಿಯಾದ ಎಣ್ಣೆಯನ್ನೇ ತೆಗೆದುಕೊಳ್ಳಿ. ನೀವು ಫೋನಿನಲ್ಲಿ ಹೇಳಿದ್ದನ್ನು ನಾನಾಗಿದ್ದರೆ ಹೀಗೆ ಬರೆಯುತ್ತಿದ್ದೆ:

"ತೆಂಗಿನೆಣ್ಣೆ ಚಳಿಗೆ ಗಟ್ಟಿಯಾದರೆ ಕಲಬೆರಕೆಯಾ? ಅಲ್ಲ. ತೆಂಗಿನೆಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಹೋದರೆ ಹೆಪ್ಪುಗಟ್ಟುತ್ತದೆ. ಅದು ಅದರ ಸ್ವಭಾವ. ಬ್ರಹ್ಮಾವರದ ನಮ್ಮ ಡ್ರಮ್ಮಿನಲ್ಲಿ ನೀರಿನ ಹಾಗೆ ಇದ್ದ ಎಣ್ಣೆ ಬೆಂಗಳೂರಿನ ಡಿಸೆಂಬರ್ ಬೆಳಿಗ್ಗೆಗೆ ಬೆಣ್ಣೆ ಹಾಗಾಗುತ್ತದೆ. ಒಲೆಯ ಮೇಲೆ ಇಡಬೇಡಿ. ಬಾಟಲಿಯನ್ನು ಬೆಚ್ಚಗಿನ ನೀರಿನ ಪಾತ್ರೆಯಲ್ಲಿ ಸ್ವಲ್ಪ ಹೊತ್ತು ಇಡಿ, ಕರಗುತ್ತದೆ. ರುಚಿಯೂ ಕೆಡುವುದಿಲ್ಲ, ಪರಿಮಳವೂ ಹೋಗುವುದಿಲ್ಲ."

ನೋಡಿ, ಉತ್ತರ ಮೊದಲ ಪದದಲ್ಲೇ ಬಂತು. ಗಾಬರಿಯಾಗಿರುವ ಗಿರಾಕಿಗೆ ಬೇಕಾದ್ದು ಅದು. ಕಾರಣ ಆಮೇಲೆ, ಪರಿಹಾರ ಅದರ ಹಿಂದೆ. ಅರ್ಧ ಗಟ್ಟಿ, ಅರ್ಧ ತೆಳು ಇರುವ ನಿಮ್ಮದೇ ಬಾಟಲಿಯ ಒಂದು ಫೋಟೋ ಹಾಕಿ. ಅಂಥ ಫೋಟೋ ನಾನು ಓದಿದ ಹನ್ನೆರಡು ಲೇಖನಗಳಲ್ಲಿ ಒಂದರಲ್ಲೂ ಇಲ್ಲ.

ಒಂದು ವಿಷಯದಲ್ಲಿ ಮಾತ್ರ ಜಾಗ್ರತೆ. "ಗಟ್ಟಿಯಾಯಿತು ಅಂದರೆ ಶುದ್ಧ" ಎಂದು ಬರೆಯುವ ಆಸೆ ಆಗುತ್ತದೆ. ಬೇಡ. ಬೇರೆ ಎಣ್ಣೆ ಸ್ವಲ್ಪ ಬೆರೆಸಿದರೂ ತೆಂಗಿನೆಣ್ಣೆ ಗಟ್ಟಿಯಾಗಬಹುದು. ಗಟ್ಟಿಯಾದ ಮಾತ್ರಕ್ಕೆ ಕೆಟ್ಟದ್ದಲ್ಲ, ಗಟ್ಟಿಯಾದ ಮಾತ್ರಕ್ಕೆ ಶುದ್ಧ ಎಂದೂ ಅಲ್ಲ. ಈ ಎರಡನೆಯ ಮಾತನ್ನೂ ಬರೆಯುವ ಎಣ್ಣೆ ವ್ಯಾಪಾರಿಯನ್ನು ಓದಿದವರು ನಂಬುತ್ತಾರೆ. ನಂಬಿದವರು ಕೊಳ್ಳುತ್ತಾರೆ.

ನಿಮ್ಮ ಹತ್ತಿರ ಇನ್ನೂ ಎರಡು ಒಳ್ಳೆಯ ಲೇಖನಗಳಿವೆ. ಒಂದು ಬೆಲೆಯದು. 2025ರಲ್ಲಿ ತೆಂಗಿನಕಾಯಿ ರೇಟು ಏರಿದ ಮೇಲೆ ಈ ಪ್ರಶ್ನೆಯಿಂದ ಯಾವ ಗಾಣದವರಿಗೂ ತಪ್ಪಿಸಿಕೊಳ್ಳಲು ಆಗಿಲ್ಲ. "ನಮ್ಮದು ಉತ್ತಮ ಗುಣಮಟ್ಟದ್ದು, ಹಾಗಾಗಿ ದುಬಾರಿ" ಎಂದರೆ ಯಾರೂ ಒಪ್ಪುವುದಿಲ್ಲ. ತಕ್ಕಡಿ ಮುಂದಿಟ್ಟು ತೋರಿಸಿ. ಒಣ ಕೊಬ್ಬರಿಯಲ್ಲಿ ಎಣ್ಣೆಯ ಅಂಶ ನೂರಕ್ಕೆ 65ರ ಆಸುಪಾಸು. ಮರದ ಗಾಣ ಅದನ್ನು ಪೂರ್ತಿ ಹಿಂಡುವುದಿಲ್ಲ, ಒಂದಷ್ಟು ಹಿಂಡಿಯಲ್ಲೇ ಉಳಿಯುತ್ತದೆ. ಒಂದು ದಿನದ ನಿಮ್ಮದೇ ಲೆಕ್ಕ ಬರೆಯಿರಿ: ಇಷ್ಟು ಕಿಲೋ ಕೊಬ್ಬರಿ ಹಾಕಿದೆವು, ಇಷ್ಟು ಎಣ್ಣೆ ಬಂತು, ಇಷ್ಟು ಹಿಂಡಿ ಉಳಿಯಿತು, ಹಿಂಡಿ ಈ ರೇಟಿಗೆ ದನಕ್ಕೆ ಹೋಯಿತು, ಕೊಬ್ಬರಿಗೆ ಇಷ್ಟು ಕೊಟ್ಟೆವು. ಓದುವವರು ತಾವೇ ಕೂಡಿಸಿ ಕಳೆದು ನೋಡುತ್ತಾರೆ. ಆಮೇಲೆ ನಿಮ್ಮ ಹತ್ತಿರ ಚೌಕಾಸಿ ಮಾಡಲು ಅವರಿಗೇ ಮನಸ್ಸಾಗುವುದಿಲ್ಲ. ಲಾಭ ಎಷ್ಟು ಎಂದು ಹೇಳಬೇಕಾಗಿಲ್ಲ. ಖರ್ಚು ತೋರಿಸಿದರೆ ಸಾಕು.

ಇನ್ನೊಂದು ಮಳೆಗಾಲದ್ದು. ಜೂನ್‌ನಿಂದ ಸೆಪ್ಟೆಂಬರ್ ತನಕ ನಮ್ಮ ಕಡೆ ಬಿಸಿಲು ಎಲ್ಲಿದೆ? ಕೊಬ್ಬರಿಯಲ್ಲಿ ನೀರಿನಂಶ ನೂರಕ್ಕೆ 6ಕ್ಕೆ ಇಳಿಯುವಷ್ಟು ಒಣಗದಿದ್ದರೆ ಬೂಸ್ಟು ಹಿಡಿಯುತ್ತದೆ, ಎಣ್ಣೆಗೆ ಬೇಗ ಕಮಟು ವಾಸನೆ ಬರುತ್ತದೆ. ನೀವು ಏನು ಮಾಡುತ್ತೀರಿ? ಮೇ ತಿಂಗಳಲ್ಲೇ ಒಣಗಿಸಿ ಇಡುತ್ತೀರಾ? ಹೊಗೆಯ ಮೇಲೆ ಒಣಗಿಸುತ್ತೀರಾ? ಡ್ರೈಯರ್ ಇದೆಯಾ? ಆಗಸ್ಟ್ ಎಣ್ಣೆಯ ಪರಿಮಳ ಫೆಬ್ರವರಿ ಎಣ್ಣೆಗಿಂತ ಬೇರೆ ಇದ್ದರೆ ಅದನ್ನೂ ಹೇಳಿ. ಮುಂಬೈಯಲ್ಲಿ ಕೂತ ಉಡುಪಿಯವರಿಗೆ ಇದು ಅರ್ಥವಾಗುತ್ತದೆ. ಅವರ ಅಜ್ಜಿ ಮನೆಯ ಅಟ್ಟದಲ್ಲೂ ಕೊಬ್ಬರಿ ಇತ್ತು.

ಗೂಗಲ್ ಒಳ್ಳೆಯ ಪುಟವನ್ನು ಅಳೆಯುವ ಮಾರ್ಗಸೂಚಿಗೆ 2022ರ ಡಿಸೆಂಬರ್‌ನಲ್ಲಿ "ಅನುಭವ" ಅನ್ನುವ ಮಾತನ್ನು ಸೇರಿಸಿತು. ಬರೆದವರು ಆ ಕೆಲಸವನ್ನು ತಾವೇ ಮಾಡಿದ್ದಾರಾ ಎಂದು ನೋಡಬೇಕು ಅನ್ನುವುದು ಅದರ ಅರ್ಥ. ನಮ್ಮ ಜಿಲ್ಲೆಗಳಿಗೆ ಇದು ಹೊಸ ವಿಷಯ ಅಲ್ಲ. ಪುತ್ತೂರಿನಿಂದ 1988ರಿಂದ ಬರುತ್ತಿರುವ ‘ಅಡಿಕೆ ಪತ್ರಿಕೆ’ ಎಂಬ ಕೃಷಿ ಮಾಸಿಕವನ್ನು ನೋಡಿ. ಕೃಷಿಕರ ಕೈಗೇ ಲೇಖನಿ ಕೊಡಬೇಕು ಎಂದು ಪತ್ರಕರ್ತ ಶ್ರೀ ಪಡ್ರೆಯವರು ಆ ಪತ್ರಿಕೆಯನ್ನು ಕಟ್ಟಿದರು. ತೋಟದಲ್ಲಿ ಕೈ ಕೆಸರು ಮಾಡಿಕೊಂಡವರು ತಮ್ಮ ತೋಟದ ಬಗ್ಗೆ ತಾವೇ ಬರೆದರು. ಓದಿದವರು ನೇರ ಅವರನ್ನೇ ಕೇಳಲಿ ಎಂದು ಲೇಖನದ ಕೊನೆಗೆ ಫೋನ್ ನಂಬರ್ ಕೊಡುವ ಪದ್ಧತಿಯೂ ಅಲ್ಲಿದೆ. ನಿಮಗೆ ಯಾವುದಾದರೂ ಮಾದರಿ ಬೇಕಿದ್ದರೆ ಅದರ ಹಳೆಯ ಸಂಚಿಕೆ ನಾಲ್ಕು ತಂದು ಓದಿ. ಆ ಲೇಖನಗಳಲ್ಲಿ ಅಳತೆ ಇರುತ್ತದೆ, ಖರ್ಚು ಇರುತ್ತದೆ, ಸೋತದ್ದೂ ಇರುತ್ತದೆ.

"ಬರೆಯಲು ಬರುವುದಿಲ್ಲ" ಎಂದು ನೀವು ಹೇಳುವ ಮೊದಲೇ ಹೇಳುತ್ತೇನೆ: ಬರೆಯಬೇಡಿ, ಮಾತಾಡಿ. ಫೋನಿನ ಕೀಬೋರ್ಡಿನಲ್ಲಿ ಮೈಕ್ ಒತ್ತಿ, ಎದುರಿಗೆ ಆ ಬೆಂಗಳೂರಿನ ಗಿರಾಕಿ ಕೂತಿದ್ದಾರೆ ಎಂದುಕೊಂಡು ಕನ್ನಡದಲ್ಲಿ ಹೇಳುತ್ತಾ ಹೋಗಿ. ಐದು ನಿಮಿಷ ಸಾಕು. ಆಮೇಲೆ ತಪ್ಪು ಅಕ್ಷರ ಸರಿ ಮಾಡಿ, ಎರಡು ಸಲ ಹೇಳಿದ್ದನ್ನು ತೆಗೆಯಿರಿ, ಮನೆಯಲ್ಲಿ ಯಾರಿಗಾದರೂ ಗಟ್ಟಿಯಾಗಿ ಓದಿ ಹೇಳಿ. ಅವರು "ಹಾಂ?" ಅಂದ ಕಡೆ ಇನ್ನೊಂದು ವಾಕ್ಯ ಬೇಕು. ಅವರ ಗಮನ ಟಿವಿ ಕಡೆ ಹೋದ ಕಡೆ ಒಂದು ವಾಕ್ಯ ಜಾಸ್ತಿಯಾಗಿದೆ. ತಿಂಗಳಿಗೆ ಒಂದು ಲೇಖನ ಧಾರಾಳ. ಎಐ ಬಳಸುವುದಾದರೆ ಕಾಗುಣಿತ ನೋಡಲು ಬಳಸಿ. ನಿಮ್ಮ ಅಂಗಳದಲ್ಲಿ ಕೊಬ್ಬರಿ ಎಷ್ಟು ದಿನ ಒಣಗುತ್ತದೆ ಎಂದು ಅದಕ್ಕೆ ಗೊತ್ತಿಲ್ಲ, ಆದರೆ ಗೊತ್ತಿರುವ ಹಾಗೆ ಬರೆದುಕೊಡುತ್ತದೆ.

ಭಾಷೆಯ ಬಗ್ಗೆ ಕೇಳಿದ್ದೀರಿ. ತೆಂಗಿನೆಣ್ಣೆಯ ಬಗ್ಗೆ ಇಂಗ್ಲಿಷಿನಲ್ಲಿ ಲೋಕವೆಲ್ಲ ಬರೆದಿದೆ, ಆ ಗುಂಪಿನಲ್ಲಿ ನಿಮ್ಮ ಸಣ್ಣ ಸೈಟು ಕಾಣುವುದು ಕಷ್ಟ. ಕನ್ನಡದಲ್ಲಿ ಇಂಥ ನಿರ್ದಿಷ್ಟ ಪ್ರಶ್ನೆಗೆ ನೇರ ಉತ್ತರ ಕೊಡುವ ಪುಟಗಳು ಕಡಿಮೆ. ಆದರೆ ಒಂದು ತೊಂದರೆ ಗಮನಿಸಿ. ನಿಮ್ಮ ಸೈಟಿನಲ್ಲಿರುವ ಎರಡು ಕನ್ನಡ ಲೇಖನಗಳು ನನ್ನ ಫೋನಿನಲ್ಲಿ ಚಿತ್ರವಿಚಿತ್ರ ಗುರುತುಗಳಾಗಿ ಕಂಡವು. ಅವನ್ನು ‘ನುಡಿ’ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿಸಿ ಹಾಗೇ ಹಾಕಿದ್ದಾರೆ. ಡಿಟಿಪಿ ಅಂಗಡಿಗಳಲ್ಲಿ ಈಗಲೂ ಹೀಗೆ ಮಾಡುವವರಿದ್ದಾರೆ. ಅಚ್ಚಿಗೆ ಅದು ಸರಿ. ಇಂಟರ್ನೆಟ್ಟಿಗೆ ಯೂನಿಕೋಡ್, ಅಂದರೆ ಎಲ್ಲ ಫೋನು ಕಂಪ್ಯೂಟರುಗಳಿಗೂ ಅರ್ಥವಾಗುವ ಅಕ್ಷರ ಸಂಕೇತ ಬೇಕು, ಇಲ್ಲದಿದ್ದರೆ ಗೂಗಲ್ ಅದನ್ನು ಕನ್ನಡ ಎಂದೇ ಓದುವುದಿಲ್ಲ. ಫೋನಿನಲ್ಲಿ ಟೈಪ್ ಮಾಡಿದರೆ ಈ ಸಮಸ್ಯೆ ಬರುವುದೇ ಇಲ್ಲ. ಹಾಗೆಯೇ ಲೇಖನವನ್ನು ಪೋಸ್ಟರ್ ಮಾಡಿ ಚಿತ್ರವಾಗಿ ಹಾಕಬೇಡಿ. ವಾಟ್ಸಾಪಿನಲ್ಲಿ ಚಂದ ಕಾಣುತ್ತದೆ, ಹುಡುಕಿದವರಿಗೆ ಸಿಗುವುದು ಕಷ್ಟ.

ಮುಂಬೈಯಲ್ಲಿ ಬೆಳೆದ ನಮ್ಮವರ ಮಕ್ಕಳು ಮನೆಯಲ್ಲಿ ತುಳು ಮಾತಾಡುತ್ತಾರೆ, ಕನ್ನಡ ಓದಲು ಬಾರದವರು ತುಂಬಾ ಇದ್ದಾರೆ. ಅವರಿಗಾಗಿ ಇಂಗ್ಲಿಷಿನಲ್ಲೂ ಒಂದೆರಡು ಇರಲಿ. ಅನುವಾದ ಮಾಡಿಸದೆ, ಅವರು ಕೇಳುವ ಪ್ರಶ್ನೆ ಇಟ್ಟುಕೊಂಡೇ ಹೊಸದಾಗಿ ಬರೆಯಿಸಿ. ಅವರ ಪ್ರಶ್ನೆಗಳು ಬೇರೆ: ಪಾರ್ಸೆಲ್ ಸೋರುತ್ತದಾ, ಎಷ್ಟು ದಿನಕ್ಕೆ ಬರುತ್ತದೆ, ಎಷ್ಟು ತಿಂಗಳು ಇಡಬಹುದು.

ನಿಮ್ಮ 40ರಲ್ಲಿ ಒಂದು ಲೇಖನವನ್ನು ಮಾತ್ರ ಇವತ್ತೇ ತೆಗೆಯಿರಿ, ನಾಳೆಗೆ ಇಡಬೇಡಿ. ಗಾಣದ ಎಣ್ಣೆ ಸೇವಿಸಿದರೆ ಸಕ್ಕರೆ ಕಾಯಿಲೆ ವಾಸಿಯಾಗುತ್ತದೆ ಎಂದು ಬರೆದಿದ್ದಾರಲ್ಲ, ಅದು. ಕಾಯಿಲೆ ಗುಣವಾಗುತ್ತದೆ ಎಂದು ಜಾಹೀರಾತು ಮಾಡುವುದರ ಮೇಲೆ 1954ರಿಂದಲೇ ಕಾನೂನು ಇದೆ, ಅದರ ಪಟ್ಟಿಯಲ್ಲಿ ಮಧುಮೇಹವೂ ಇದೆ. ಆಹಾರದ ಜಾಹೀರಾತಿನಲ್ಲಿ ಏನು ಹೇಳಬಾರದು ಎಂದು ಆಹಾರ ಸುರಕ್ಷತೆ ನೋಡಿಕೊಳ್ಳುವ ಕೇಂದ್ರ ಸಂಸ್ಥೆ ಎಫ್‌ಎಸ್‌ಎಸ್‌ಎಐ 2018ರಲ್ಲಿ ಬೇರೆಯೇ ನಿಯಮ ಮಾಡಿದೆ. ಬರೆದವರು ಯಾರೇ ಆಗಲಿ, ಸೈಟು ನಿಮ್ಮದು, ಉತ್ತರ ಕೊಡಬೇಕಾದವರೂ ನೀವೇ. ಕಾನೂನಿನ ಮಾತು ಪಕ್ಕಕ್ಕಿಡಿ. ಅದನ್ನು ನಂಬಿ ಯಾರಾದರೂ ಮಾತ್ರೆ ನಿಲ್ಲಿಸಿದರೆ ಏನು ಗತಿ? ಮಗುವಿನ ಮೈಗೆ ಹಚ್ಚುವ ಪ್ರಶ್ನೆ ಬಂದರೂ ವೈದ್ಯರನ್ನು ಕೇಳಿ ಎಂದೇ ಹೇಳಿ. ಅದಕ್ಕೆ ಲೇಖನ ಬರೆಯಬೇಡಿ.

ಇನ್ನು ಲೇಖನ ಹಾಕಿದ ಮೇಲಿನ ಮಾತು. ಹೆಚ್ಚಿನವರು ಎಡವುವುದು ಇಲ್ಲಿ. ಲೇಖನ ಹಾಕಿ ಗೂಗಲ್ ಯಾವಾಗ ತೋರಿಸುತ್ತದೋ ಎಂದು ಕಾಯುತ್ತಾರೆ. ಕಾಯಬೇಕಾಗಿಲ್ಲ. ಚಳಿಗಾಲದ ಆರ್ಡರ್ ಪ್ಯಾಕ್ ಮಾಡುವಾಗಲೇ ಆ ಲೇಖನದ ಲಿಂಕನ್ನು ಗಿರಾಕಿಗೆ ವಾಟ್ಸಾಪ್ ಮಾಡಿ: "ಎಣ್ಣೆ ಗಟ್ಟಿಯಾದರೆ ಗಾಬರಿಯಾಗಬೇಡಿ, ಇದನ್ನು ಓದಿ." ಜಗಳ ಅಲ್ಲಿಗೇ ನಿಲ್ಲುತ್ತದೆ, ನಿಮ್ಮ ಅರ್ಧ ಗಂಟೆಯೂ ಉಳಿಯುತ್ತದೆ. ವಾಟ್ಸಾಪ್ ಬಿಸಿನೆಸ್‌ನಲ್ಲಿ ಇಂಥ ಉತ್ತರಗಳನ್ನು ಮೊದಲೇ ಬರೆದಿಟ್ಟುಕೊಳ್ಳಬಹುದು. ಬಾಟಲಿಯ ಲೇಬಲ್ ಮೇಲೂ ಒಂದು ಸಣ್ಣ ಕ್ಯೂಆರ್ ಕೋಡ್ ಹಾಕಿ ಆ ಪುಟಕ್ಕೆ ಜೋಡಿಸಿ. ಡಿಸೆಂಬರಿನ ಲೇಖನ ಸೆಪ್ಟೆಂಬರ್ ಕೊನೆಯಲ್ಲೇ ಸೈಟಿನಲ್ಲಿ ಇರಬೇಕು. ಮುಂದಿನ ವರ್ಷ ಹೊಸದು ಬರೆಯದೆ ಅದನ್ನೇ ತಿದ್ದಿ, ಹೊಸದಾಗಿ ಬಂದ ಪ್ರಶ್ನೆಯನ್ನು ಸೇರಿಸಿ.

ಲೇಖನದ ಕೊನೆಗೆ ನಿಮ್ಮ ಊರು, ಗಾಣ ಓಡುವ ಹೊತ್ತು, 14 ಅಂಕೆಯ ಎಫ್‌ಎಸ್‌ಎಸ್‌ಎಐ ನಂಬರ್, ಒಂದು ವಾಟ್ಸಾಪ್ ಬಟನ್ ಇರಲಿ. ಆ ಬಟನ್ ಒತ್ತಿದಾಗ ಬರುವ ಮೆಸೇಜನ್ನು ಮೊದಲೇ ತುಂಬಿಸಿಡಬಹುದು. ಚಳಿಗಾಲದ ಲೇಖನಕ್ಕೆ "ಗಟ್ಟಿ ಎಣ್ಣೆ ಲೇಖನ ಓದಿದೆ", ಬೆಲೆಯ ಲೇಖನಕ್ಕೆ "ರೇಟಿನ ಲೇಖನ ಓದಿದೆ" ಎಂದು ಬೇರೆ ಬೇರೆ ಇಡಿ. ಯಾವ ಲೇಖನದಿಂದ ಯಾರು ಬಂದರು ಎಂದು ನಿಮ್ಮ ಇನ್‌ಬಾಕ್ಸೇ ಹೇಳುತ್ತದೆ, ಲೆಕ್ಕಕ್ಕೆ ಬೇರೆ ಯಾರೂ ಬೇಡ. ಇದರ ಜೊತೆಗೆ ಗೂಗಲ್ ಸರ್ಚ್ ಕನ್ಸೋಲ್ ಎಂಬ ಉಚಿತ ಸೌಲಭ್ಯಕ್ಕೆ ಸೈಟು ಜೋಡಿಸಿಕೊಳ್ಳಿ. ಜನ ಏನು ಟೈಪ್ ಮಾಡಿದಾಗ ನಿಮ್ಮ ಪುಟ ಕಂಡಿತು, ಎಷ್ಟು ಜನ ಒತ್ತಿದರು ಎಂದು ಹಿಂದಿನ 16 ತಿಂಗಳ ತನಕ ತೋರಿಸುತ್ತದೆ. ತಿಂಗಳಿಗೊಮ್ಮೆ ನೋಡಿದರೆ ಸಾಕು. ಪುಟ ಕಂಡಿದೆ, ಆದರೆ ಯಾರೂ ಒತ್ತಿಲ್ಲ ಅಂದರೆ ತಲೆಬರಹ ಬದಲಿಸಿ. ಜನ ಹುಡುಕಿದ ಮಾತು ನಿಮ್ಮ ನೋಟ್‌ಬುಕ್ಕಿನಲ್ಲಿ ಇಲ್ಲದಿದ್ದರೆ, ಇನ್ನೊಂದು ಲೇಖನ ಸಿಕ್ಕಿತು.

ಹಳೆಯ 40ರಲ್ಲಿ ನಿಮ್ಮ ಸೈಟಿನಲ್ಲಿರುವುದನ್ನು ಒಂದೊಂದಾಗಿ ಅಳಿಸಿ. ಎಳ್ಳೆಣ್ಣೆ ತೆಗೆಯುವ ವಿಧಾನದ ಲೇಖನ ಒಂದು ಪರವಾಗಿಲ್ಲ, ನಿಮ್ಮ ಗಾಣದ ವಿವರ ಸೇರಿಸಿ ಉಳಿಸಿಕೊಳ್ಳಬಹುದು. ಬೇರೆಯವರ ಸೈಟಿನಲ್ಲಿರುವುದರ ಹಿಂದೆ ಓಡಬೇಡಿ. ಆ ಸಕ್ಕರೆ ಕಾಯಿಲೆಯದ್ದು ಅಲ್ಲೂ ಇದ್ದರೆ ಅದನ್ನು ಮಾತ್ರ ಹಾಕಿದವರಿಂದಲೇ ತೆಗೆಸಿ.

ಇನ್ನೊಂದು 40ಕ್ಕೆಂದು ತೆಗೆದಿಟ್ಟ ಹಣವನ್ನು ಲೇಬಲ್ ಹೊಸದಾಗಿ ಅಚ್ಚು ಹಾಕಿಸಲು ಮತ್ತು ಸೋರದ ಮುಚ್ಚಳಕ್ಕೆ ಬಳಸಿ. ಮುಂಬೈಗೆ ನಾಲ್ಕು ಬಾಟಲಿ ನಿಮ್ಮದೇ ನೆಂಟರ ಮನೆಗೆ ಕೊರಿಯರ್ ಮಾಡಿ, ಹೇಗೆ ತಲುಪಿತು ಎಂದು ಫೋಟೋ ತೆಗೆದು ಕಳಿಸಲು ಹೇಳಿ. ಒಂದು ಸೋರಿದ್ದರೆ ಅದರ ಫೋಟೋವನ್ನೂ ಇಟ್ಟುಕೊಳ್ಳಿ. ಪಾರ್ಸೆಲ್ ಬಗ್ಗೆ ಬರೆಯುವಾಗ ಅದು ಬೇಕಾಗುತ್ತದೆ.